ನಾಯಿಯ ಮೈಮೇಲೆ ಐದು, ನೆಲದಲ್ಲಿ ತೊಂಬತ್ತೈದು

ದೀಪಾವಳಿ ಮುಗಿಸಿ ಮನೆಗೆ ಬೀಗ ಹಾಕಿ ಬೆಂಗಳೂರು ಸೇರಿದ ಸಂಸಾರ ಯುಗಾದಿಗೆಂದು ಊರಿಗೆ ಬರುತ್ತದೆ. ಬೀಗ ತೆಗೆದು ನಡುಮನೆಗೆ ಕಾಲಿಟ್ಟು ಎರಡು ನಿಮಿಷ ಆಗಿರುವುದಿಲ್ಲ, ಮೊಣಕಾಲಿನ ತನಕ ಕಪ್ಪು ಚುಕ್ಕೆಗಳು ಹತ್ತಿಕೊಳ್ಳುತ್ತವೆ. ನಾಲ್ಕೂವರೆ ತಿಂಗಳಿಂದ ಆ ಮನೆಯೊಳಗೆ ನಾಯಿ, ಬೆಕ್ಕು, ಮನುಷ್ಯರು ಯಾರೂ ಸುಳಿದಿಲ್ಲ. ಕುಡಿಯಲು ತೊಟ್ಟು ರಕ್ತ ಇಲ್ಲದ ಕಡೆ ಇಷ್ಟೊಂದು ಚಿಗಟ ಬದುಕಿದ್ದು ಹೇಗೆ? ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಇದೇ ಪ್ರಶ್ನೆಗೆ ಈಗ ಇನ್ನೊಂದು ರೂಪವೂ ಇದೆ. ಸ್ಕೂಟರ್ ಕಾರ್ಖಾನೆ, ಐಫೋನ್ ಕಾರ್ಖಾನೆಗಳು ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ಬಾಡಿಗೆ ಕೋಣೆಗಳು ಎದ್ದಿವೆ. ಹಿಂದೆ ಇದ್ದವರು ನಾಯಿ ಸಾಕಿ, ಕೋಣೆ ಖಾಲಿ ಮಾಡಿ ಹೋಗಿ ತಿಂಗಳು ಕಳೆದಿದ್ದರೂ ಹೊಸದಾಗಿ ಬಂದ ಹುಡುಗರ ಕಾಲಲ್ಲಿ ಮೊದಲ ರಾತ್ರಿಯೇ ದದ್ದು ಏಳುತ್ತದೆ.

ಉತ್ತರ ಗೂಡಿನಲ್ಲಿದೆ. ರೇಷ್ಮೆ ಹುಳು ಮೇಯಿಸುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಚಿಗಟವೂ ರೇಷ್ಮೆ ಹುಳುವಿನ ಹಾಗೆ ಮೊಟ್ಟೆ, ಹುಳು, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಹಂತ ದಾಟುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಹತ್ತುತ್ತದೆ. ಚಿಗಟದ ಹುಳು ಎರಡು ಜ್ವರ ಕಳೆದು ಗೂಡಿಗೆ ಕೂರುತ್ತದೆ. ಬಾಯಿಂದ ನೂಲು ತೆಗೆದು ಮೈಸುತ್ತ ಸುತ್ತಿಕೊಳ್ಳುವ ಕೆಲಸವೂ ಒಂದೇ. ಆದರೆ ಚಿಗಟದ ನೂಲು ಅಂಟು. ಸುತ್ತಲಿನ ಮಣ್ಣು, ಕೂದಲು, ಧೂಳು ಎಲ್ಲ ಅದಕ್ಕೆ ಮೆತ್ತಿಕೊಂಡು ಗೂಡು ಕಣ್ಣಿಗೆ ಬೀಳದಂತಾಗುತ್ತದೆ. ಬೆರಳ ತುದಿಗೆ ಎತ್ತಿಕೊಂಡರೂ ಅದು ನಾಲ್ಕೈದು ಮಿಲಿಮೀಟರಿನ ಕಸ, ಅಷ್ಟೇ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ರೇಷ್ಮೆ ಚಿಟ್ಟೆ ಹತ್ತು ಹನ್ನೆರಡು ದಿನಕ್ಕೆ ಗೂಡು ತೂತು ಮಾಡಿಕೊಂಡು ಹೊರಗೆ ಬಂದೇ ಬರುತ್ತದೆ, ಹೊರಗೆ ಏನಿದೆಯೆಂದು ನೋಡುವುದಿಲ್ಲ. ಚಿಗಟ ಪೂರ್ತಿ ಬೆಳೆದ ಮೇಲೂ ಗೂಡಿನೊಳಗೇ ಕಾಲು ಮಡಿಚಿ ಕಾಯಬಲ್ಲದು. ನೆಲದ ಅದುರು, ಮೈಯ ಕಾವು, ಮೇಲಿಂದ ಬಿದ್ದ ಒತ್ತಡ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಇವುಗಳಲ್ಲಿ ಯಾವುದು ತಾಕಿದರೂ ಕ್ಷಣಗಳಲ್ಲಿ ಹೊರಗೆ ಹಾರುತ್ತದೆ. ಯಾವುದೂ ತಾಕದಿದ್ದರೆ ಐದು ತಿಂಗಳ ತನಕವೂ ತಡೆದುಕೊಳ್ಳುತ್ತದೆ. ದೀಪಾವಳಿಯಿಂದ ಯುಗಾದಿಗೆ ಆ ಲೆಕ್ಕ ಸರಿಹೋಗುತ್ತದೆ. ಬೀಗ ತೆಗೆದವರ ಹೆಜ್ಜೆಯ ಸದ್ದೇ ಅವುಗಳಿಗೆ ಕರೆ.

ನಮ್ಮ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಬೆಕ್ಕಿನ ಚಿಗಟ ಮತ್ತು ಅದರ ಹತ್ತಿರದ ನಂಟ. ವಿಜ್ಞಾನಿಗಳು ಟೀನೊಸೆಫಲೈಡಿಸ್ ಫೆಲಿಸ್, ಟೀನೊಸೆಫಲೈಡಿಸ್ ಓರಿಯೆಂಟಿಸ್ ಎನ್ನುತ್ತಾರೆ. ಹೆಸರಿಗೆ ಬೆಕ್ಕಿನದಾದರೂ ನಾಯಿಯ ಮೈಮೇಲೂ ಅದೇ. ಓರಿಯೆಂಟಿಸ್‌ಗೆ ನಾಯಿಯ ಜೊತೆ ಮೇಕೆ, ಕುರಿಯೂ ಆಗುತ್ತವೆ. ನಾಟಿ ಕೋಳಿಯ ಕಣ್ಣಿನ ಸುತ್ತ, ಜುಟ್ಟಿನ ಮೇಲೆ ಗುಂಪಾಗಿ ಕಚ್ಚಿಕೊಂಡು ಅಲುಗದೆ ಕೂರುವುದು ಬೇರೆ ಜಾತಿ. ಇಲಿಯ ಮೈಯ ಚಿಗಟ ಮತ್ತೂ ಬೇರೆ. ಅದಕ್ಕೆ ಈ ಜಿಲ್ಲೆಯಲ್ಲಿ ಒಂದು ಭಾರವಾದ ಚರಿತ್ರೆಯಿದೆ, ಮುಂದೆ ಬರುತ್ತದೆ.

ಹೆಣ್ಣು ಚಿಗಟ ನಾಯಿಯ ಮೈ ಸೇರಿ ಮೊದಲ ಸಲ ರಕ್ತ ಕುಡಿದ ಒಂದೆರಡು ದಿನದಲ್ಲಿ ಮೊಟ್ಟೆಗೆ ತೊಡಗುತ್ತದೆ. ಭರದಲ್ಲಿರುವಾಗ ದಿನಕ್ಕೆ 40ರಿಂದ 50 ಮೊಟ್ಟೆ. ತನ್ನ ತೂಕದ ಸುಮಾರು 15 ಪಟ್ಟು ರಕ್ತವನ್ನು ದಿನವೊಂದಕ್ಕೆ ಹೀರುತ್ತದೆ. ಅಷ್ಟೂ ಅದಕ್ಕೆ ಜೀರ್ಣವಾಗುವುದಿಲ್ಲ, ಬಹುಪಾಲು ಅರೆಬರೆಯಾಗಿ ಹಿಂದಿನಿಂದ ಹೋಗಿ ಕಪ್ಪು ಪುಡಿಯಾಗಿ ಒಣಗುತ್ತದೆ. ಮೊಟ್ಟೆ ಹೇನಿನ ಸೀರಿನಂತೆ ಕೂದಲಿಗೆ ಅಂಟುವುದಿಲ್ಲ. ನಾಯಿ ಮೈ ಕೊಡವಿದರೆ, ಕೆರೆದುಕೊಂಡರೆ, ಮಲಗಿ ಎದ್ದರೆ ಉದುರಿ ನೆಲ ಸೇರುತ್ತದೆ. ಕರಿ ಪುಡಿಯೂ ಅದರ ಜೊತೆಗೇ ಉದುರುತ್ತದೆ. ಮೊಟ್ಟೆಯೊಡೆದ ಹುಳುವಿಗೆ ಆ ಪುಡಿಯೇ ಊಟ. ತಾಯಿ ಮೇಲಿನಿಂದ ರಕ್ತದ ಪುಡಿ ಉದುರಿಸುತ್ತಿದ್ದರೆ ಮರಿ ಕೆಳಗೆ ಮೇಯುತ್ತದೆ.

ಅನುಮಾನ ಇದ್ದರೆ ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಾಯಿ ಮಲಗುವ ಗೋಣಿಯನ್ನು ಬಿಳಿ ಬಟ್ಟೆಯ ಮೇಲೆ ಕೊಡವಿ, ಬಿದ್ದ ಕರಿ ಪುಡಿಯ ಮೇಲೆ ನಾಲ್ಕು ಹನಿ ನೀರು ಹಾಕಬೇಕು. ಬರೀ ಮಣ್ಣಾಗಿದ್ದರೆ ಮಣ್ಣಾಗಿಯೇ ಇರುತ್ತದೆ. ಚಿಗಟದ ಹೇಲಾಗಿದ್ದರೆ ಅರ್ಧ ನಿಮಿಷದಲ್ಲಿ ಪ್ರತಿ ಕಣದ ಸುತ್ತ ಕೆಂಗಂದು ಬಣ್ಣದ ವರ್ತುಲ ಹರಡುತ್ತದೆ. ಅದು ನಾಯಿಯದೇ ರಕ್ತ. ಅದೇ ಬಟ್ಟೆಯಲ್ಲಿ ಅರ್ಧ ಮಿಲಿಮೀಟರಿನ ಬಿಳಿ ಹರಳುಗಳಿದ್ದರೆ ಅವು ಮೊಟ್ಟೆಗಳು. ಭೂತಗನ್ನಡಿ ಹಿಡಿದು ನೋಡಿದರೆ ಒಂದೆರಡು ಹುಳುಗಳೂ ಸಿಗಬಹುದು. ಕಾಲಿಲ್ಲ, ಕಣ್ಣಿಲ್ಲ, ಬಿಳಿಯ ಮೈ ತುಂಬ ವಿರಳವಾದ ಕೂದಲು. ಬೆಳಕು ಬಿದ್ದೊಡನೆ ನುಲಿದುಕೊಂಡು ನೂಲಿನ ಸಂದಿಗೆ ನುಗ್ಗುತ್ತವೆ.

ಒಂದು ಮನೆಯ ಎಲ್ಲ ಚಿಗಟಗಳನ್ನು ಹಂತವಾರು ಎಣಿಸಿದರೆ ಮೈಮೇಲೆ ಓಡಾಡುವ ಪ್ರೌಢ ಕೀಟಗಳು ನೂರಕ್ಕೆ ಐದು, ಉಳಿದ ತೊಂಬತ್ತೈದು ಮೊಟ್ಟೆ, ಹುಳು, ಗೂಡಾಗಿ ನೆಲದಲ್ಲಿ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಮನೆ ಮನೆಗೆ ಇದು ಹೆಚ್ಚು ಕಡಿಮೆ ಆದೀತು. ಆದರೂ ನಮ್ಮ ಶ್ರಮ ಎಲ್ಲಿ ಹೋಗಬೇಕೆಂದು ಅದು ಖಚಿತವಾಗಿ ತೋರಿಸುತ್ತದೆ. ನಾಯಿಯನ್ನು ಎಷ್ಟು ತಿಕ್ಕಿ ತೊಳೆದರೂ ಮರುದಿನ ಮತ್ತೆ ಕೆರೆದುಕೊಳ್ಳುವುದು ಈ ಕಾರಣಕ್ಕೆ. ಹಾರುವ ಚಿಗಟದ ಹಿಂದೆ ಓಡುವುದಂತೂ ವ್ಯರ್ಥ. ಅದರ ಎದೆಯಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಇದೆ. ಸ್ನಾಯು ನಿಧಾನಕ್ಕೆ ಅದನ್ನು ಅದುಮಿ ಹಿಡಿದು ಒಮ್ಮೆಲೇ ಬಿಡುತ್ತದೆ. ಎರಡು ಮೂರು ಮಿಲಿಮೀಟರಿನ ಮೈ ಒಂದು ಗೇಣು ದೂರ ಚಿಮ್ಮುತ್ತದೆ. ಸಿಕ್ಕಿದರೂ ಎರಡು ಪಕ್ಕದಿಂದ ಚಪ್ಪಟೆಯಾದ ಗಟ್ಟಿ ಮೈ ಬೆರಳಿಗೆ ಜಗ್ಗುವುದಿಲ್ಲ, ಉಗುರೇ ಬೇಕು.

ನೆಲದಲ್ಲಿರುವ ಹುಳುವಾದರೋ ತೀರಾ ನಾಜೂಕು. ಅದರ ಚರ್ಮಕ್ಕೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಗಾಳಿಯ ತೇವಾಂಶ ಶೇಕಡ 50ಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. 35 ಡಿಗ್ರಿ ದಾಟಿದ ಕಾವನ್ನೂ ತಡೆಯುವುದಿಲ್ಲ. ಬಿಸಿಲಂತೂ ಆಗುವುದೇ ಇಲ್ಲ. ಕೋಲಾರ ಸೀಮೆಯ ಹವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ಗಾಳಿಯ ತೇವ ಆ 50ರ ಗೆರೆಗಿಂತ ಬಹಳ ಕೆಳಗಿರುತ್ತದೆ. ಮಲೆನಾಡಿನ ಮನೆಯವರಿಗೆ ಇಲ್ಲದ ಅನುಕೂಲ ಇದು. ನೀರಿಗಾಗಿ ಇಷ್ಟು ಬವಣೆಪಟ್ಟ ಜಿಲ್ಲೆಗೆ ಒಣಹವೆ ಒಂದು ವಿಷಯದಲ್ಲಾದರೂ ನೆರವಾಗಲಿ ಎಂದು ನನಗೆ ಅನ್ನಿಸುತ್ತದೆ.

ಹಾಗಿದ್ದೂ ಇಲ್ಲಿ ಚಿಗಟ ಏಕೆ ಉಳಿದಿದೆ? ಹುಳು ಇರುವುದು ನಮ್ಮ ಹವೆಯಲ್ಲಲ್ಲ. ಹಳೆಯ ಗೋಣಿಯ ಅಡಿ, ಮಣ್ಣಿನ ನೆಲದ ಬಿರುಕು, ಕಲ್ಲು ಚಪ್ಪಡಿಗಳ ಸಂದು, ಹೊಸ್ತಿಲ ಮೂಲೆ, ಮಂಚದಡಿ ಸುತ್ತಿಟ್ಟ ಕಂಬಳಿ, ಬಚ್ಚಲ ಪಕ್ಕ ನಾಯಿ ತಂಪಿಗೆಂದು ತೋಡಿಕೊಂಡ ಗುಂಡಿ, ಇವೆಲ್ಲ ತೇವವನ್ನು ಹಿಡಿದಿಟ್ಟುಕೊಂಡ ಪುಟ್ಟ ಪುಟ್ಟ ಮಳೆಗಾಲಗಳು. ವಿಷವಿಲ್ಲದ ಉಪಾಯಗಳಲ್ಲಿ ಕೆಲಸಕ್ಕೆ ಬರುವುವೆಲ್ಲ ಈ ಜಾಗಗಳನ್ನು ಒಣಗಿಸುವ, ಕಾಯಿಸುವ, ಗುಡಿಸುವ ಉಪಾಯಗಳೇ.

ಗುಡಿಸುವುದರ ಬಗ್ಗೆ ಒಂದು ಒಳ್ಳೆಯ ಪ್ರಯೋಗವಿದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಗ್ಲೆನ್ ನೀಡ್‌ಹ್ಯಾಮ್ ಮತ್ತು ಫ್ರೆಡ್ ಹಿಂಕ್ 2007ರಲ್ಲಿ ಪ್ರಕಟಿಸಿದ ಕೆಲಸ. ವ್ಯಾಕ್ಯೂಮ್ ಕ್ಲೀನರ್ ಹೀರಿದ ಚಿಗಟಗಳು ಚೀಲದೊಳಗೆ ಬದುಕಿ ಮತ್ತೆ ಹೊರಬರುತ್ತವೆಯೇ ಎಂದು ಅವರು ನೋಡಿದರು. ಪ್ರೌಢ ಚಿಗಟಗಳಲ್ಲಿ ಶೇಕಡ 96 ಸತ್ತಿದ್ದವು, ಹುಳು ಮತ್ತು ಕೋಶಗಳು ಪೂರ್ತಿ ಸತ್ತಿದ್ದವು. ಬ್ರಶ್ಶಿನ ತಿಕ್ಕಾಟ, ಗಾಳಿಯ ಸೆಳೆತ ಸೇರಿ ಚರ್ಮದ ಮೇಣದ ಪದರ ಕಿತ್ತುಹೋಗಿ ಅವು ಒಣಗಿ ಸತ್ತಿರಬೇಕೆಂದು ಅವರ ಊಹೆ. ಯಂತ್ರ ಇರುವವರು ಧಾರಾಳವಾಗಿ ಬಳಸಲಿ. ಅದರ ಅದುರಿಗೇ ಗೂಡಿನ ಚಿಗಟಗಳು ಎಚ್ಚರಗೊಂಡು ಹೊರಬರುವುದರಿಂದ ಅವನ್ನು ಹೀರುವುದು ಇನ್ನೂ ಸುಲಭ.

ಯಂತ್ರ ಇಲ್ಲದ ಮನೆಯಲ್ಲಿ ಕಡ್ಡಿಪೊರಕೆಯೇ ಆ ಬ್ರಶ್ಶು. ಮೆತ್ತನೆ ಹುಲ್ಲುಪೊರಕೆ ಮೇಲ್ಮೈ ಧೂಳನ್ನು ತೆಗೆಯುತ್ತದೆ, ಸಂದಿನೊಳಕ್ಕೆ ಇಳಿಯುವುದಿಲ್ಲ. ಕಡ್ಡಿಯ ಮೊನೆಯನ್ನು ಬಿರುಕಿಗೆ, ಗೋಡೆ ನೆಲ ಕೂಡುವ ಮೂಲೆಗೆ ಒತ್ತಿ ಕೆರೆದು ಗುಡಿಸಬೇಕು. ಕಸವನ್ನು ತಿಪ್ಪೆಗೆ ಹಾಕಿದರೆ ಉಳಿದ ಗೂಡುಗಳು ಅಲ್ಲಿ ಸುಖವಾಗಿರುತ್ತವೆ. ಒಲೆಗೆ ಹಾಕಬೇಕು, ಇಲ್ಲವೇ ಕುದಿನೀರು ಸುರಿಯಬೇಕು. ಗುಡಿಸಿದ ಮೇಲೆ ಬಿರುಕನ್ನು ಮುಚ್ಚಬೇಕು. ಮಣ್ಣಿನ ನೆಲವಾದರೆ ಸಗಣಿ, ಕೆಮ್ಮಣ್ಣು ಕಲಸಿ ತುಂಬಿ ಸಾರಿಸುವುದು ನಮ್ಮ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಚಿಗಟಕ್ಕೆ ಮನೆಯಿಲ್ಲದಂತೆ ಮಾಡುವ ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಒಂದೇ ಎಚ್ಚರ: ಸಾರಿಸಿದ ನೆಲ ಅಂದೇ ಒಣಗಬೇಕು, ಆದ್ದರಿಂದ ಬೆಳಗ್ಗೆಯೇ ಸಾರಿಸಿ ಕಿಟಕಿ ಬಾಗಿಲು ತೆರೆದಿಡುವುದು ಮೇಲು. ಸಿಮೆಂಟು, ರೆಡ್‌ಆಕ್ಸೈಡ್ ನೆಲದ ಬಿರುಕಿಗೆ ಸಿಮೆಂಟ್ ಹಾಲು ಸಾಕು.

ಬಟ್ಟೆಬರೆಗೆ ಕಾವೇ ಮದ್ದು. ಕುದಿನೀರಿನಲ್ಲಿ ಅದ್ದಬಹುದಾದದ್ದನ್ನು ಅದ್ದಿ ಒಗೆಯಬೇಕು. ಕಂಬಳಿಗೆ ಕುದಿನೀರು ಆಗದು. ಅದಕ್ಕೆ ಕೋಲಾರದ ಹಾಸುಬಂಡೆಯಿದೆ. ಬೇಸಗೆಯ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾದ ಬಂಡೆಯ ಮೇಲೆ ಕಂಬಳಿಯನ್ನು ಹರಡಿ, ಗಂಟೆಗೊಮ್ಮೆ ತಿರುವಿ, ಸಂಜೆ ಕೋಲಿನಿಂದ ಬಡಿದು ತಂದರೆ ಮೊಟ್ಟೆಯೂ ಹುಳುವೂ ಉಳಿಯುವುದು ಕಷ್ಟ. ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆಯಾದರೂ ಹೀಗೆ ಮಾಡಬೇಕು. ಮೊಟ್ಟೆ ಒಡೆದು, ಹುಳು ಬೆಳೆದು ಗೂಡಿಗೆ ಕೂರಲು ಎರಡು ಮೂರು ವಾರ ಹಿಡಿಯುತ್ತದೆ. ವಾರದ ಬಿಸಿಲು ಆ ಸರಣಿಯನ್ನು ಅರ್ಧದಲ್ಲೇ ಕಡಿಯುತ್ತದೆ. ತೆಗೆದ ಗೋಣಿಯನ್ನು ಮಡಿಸದೆ ಹೊತ್ತೊಯ್ದರೆ ದಾರಿಯುದ್ದಕ್ಕೂ ಮೊಟ್ಟೆ ಉದುರುತ್ತದೆ, ನಾಲ್ಕು ಮೂಲೆ ಕೂಡಿಸಿ ಗಂಟುಕಟ್ಟಿಯೇ ಒಯ್ಯಬೇಕು.

ಗೂಡಿನಿಂದ ಆಗತಾನೇ ಹೊರಬಂದ ಹಸಿದ ಚಿಗಟವನ್ನು ಹಿಡಿಯಲು ರಾತ್ರಿ ಅಗಲವಾದ ತಟ್ಟೆಯಲ್ಲಿ ಸೋಪು ಕದಡಿದ ನೀರಿಟ್ಟು ಮೇಲೆ ಒಂದು ಚಿಕ್ಕ ದೀಪ ಹಚ್ಚಿಡಬಹುದು. ಬೆಳಕಿಗೆ ಹಾರಿದ್ದು ನೀರಿಗೆ ಬೀಳುತ್ತದೆ. ಬರೀ ನೀರಾದರೆ ಅದರ ಮೇಲ್ಪದರದ ಬಿಗಿಯ ಮೇಲೆ ತೇಲಿ ಮತ್ತೆ ಹಾರೀತು, ಸೋಪು ಆ ಬಿಗಿಯನ್ನು ಕಳೆಯುತ್ತದೆ. ಇದರಿಂದ ಮನೆಯ ಚಿಗಟ ನಿರ್ನಾಮವಾಗುವುದಿಲ್ಲ, ಇನ್ನೂ ಎಷ್ಟಿವೆ ಎಂಬ ಅಂದಾಜು ದಿನದಿನಕ್ಕೂ ಸಿಗುತ್ತದೆ. ನಾಯಿಯ ಮೈಗೂ ಹೇನಿನ ಬಾಚಣಿಗೆ ಮತ್ತು ಸೋಪುನೀರೇ. ಕತ್ತಿನ ಸುತ್ತ, ಬಾಲದ ಬುಡದಲ್ಲಿ ಬಾಚಿ, ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಆ ನೀರಿಗೆ ಅದ್ದಬೇಕು.

ಇಷ್ಟೆಲ್ಲ ಪಾಡು ಏಕೆ, ಒಂದು ಸಲ ಔಷಧಿ ಹೊಡೆದರಾಯಿತಲ್ಲ ಎಂದು ಕೇಳುವವರಿದ್ದಾರೆ. ಟೊಮೆಟೊ ಬೆಳೆಯುವ ಮನೆಯಲ್ಲಿ ಕೀಟನಾಶಕದ ಬಾಟಲಿ ಕೈಗೆಟುಕುವಲ್ಲೇ ಇರುತ್ತದೆ. ಗಿಡಕ್ಕೆಂದು ತಯಾರಾದ ವಿಷವನ್ನು ನಾಯಿಯ ಮೈಗೆ, ಮಕ್ಕಳು ಅಂಬೆಗಾಲಿಡುವ ನೆಲಕ್ಕೆ ಹೊಡೆಯಬಾರದೆಂದು ಬಿಡಿಸಿ ಹೇಳಬೇಕಿಲ್ಲ. ಈ ಸೀಮೆಯಲ್ಲಿ ಇನ್ನೊಂದು ಕಾರಣವಿದೆ, ಅದು ಹೊಟ್ಟೆಪಾಡಿನದು. ಮನೆಯಲ್ಲಿ ಅಥವಾ ಮನೆಗೆ ಅಂಟಿದ ಷೆಡ್ಡಿನಲ್ಲಿ ಹುಳು ಮೇಯಿಸುವವರು ನೆನಪಿಡಬೇಕು: ಚಿಗಟವೂ ಕೀಟ, ರೇಷ್ಮೆ ಹುಳುವೂ ಕೀಟ. ಚಿಗಟದ ನರಕ್ಕೆ ತಾಕುವ ಪೈರೆಥ್ರಾಯ್ಡ್ ರೇಷ್ಮೆ ಹುಳುವಿನ ನರಕ್ಕೂ ತಾಕುತ್ತದೆ. ಗೋಡೆಗೆ ಸಿಡಿದ ಹನಿ, ಕೈಗೆ ಅಂಟಿ ಸೊಪ್ಪಿಗೆ ಹತ್ತಿದ ಲೇಶ ಒಂದು ಬೆಳೆಯನ್ನು ಮುಗಿಸಲು ಸಾಕು.

ಹೊರದೇಶದ ಪುಸ್ತಕಗಳು ಸೌಮ್ಯವೆಂದು ಶಿಫಾರಸು ಮಾಡುವ ಇನ್ನೊಂದು ಬಗೆಯ ರಾಸಾಯನಿಕಗಳಿವೆ: ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್. ಕೀಟದ ಮೈಯಲ್ಲಿ ಬಾಲ್ಯದ ಹಾರ್ಮೋನ್ ಒಂದಿದೆ. ಅದು ಇರುವ ತನಕ ಹುಳು ಹುಳುವಾಗಿಯೇ ಇರುತ್ತದೆ, ಅದು ಇಳಿದಾಗ ಕೋಶವಾಗುತ್ತದೆ. ಈ ರಾಸಾಯನಿಕಗಳು ಆ ಹಾರ್ಮೋನಿನ ವೇಷ ಹಾಕಿ ಬೆಳವಣಿಗೆಯನ್ನು ಕೆಡಿಸುತ್ತವೆ. ನಾಯಿಗೂ ಮನುಷ್ಯನಿಗೂ ಆ ಹಾರ್ಮೋನೇ ಇಲ್ಲದ್ದರಿಂದ ಅಪಾಯ ಬಹಳ ಕಡಿಮೆ ಎಂಬುದು ನಿಜ. ರೇಷ್ಮೆ ಹುಳುವಿಗೆ ಆ ಹಾರ್ಮೋನ್ ಇದೆ. ಇದೇ ಗುಂಪಿನ ಫೆನಾಕ್ಸಿಕಾರ್ಬ್ ಎಂಬುದನ್ನು ಉತ್ತರ ಇಟಲಿಯ ಹಣ್ಣಿನ ತೋಟಗಳಿಗೆ ಸಿಂಪಡಿಸಿದಾಗ ಸುತ್ತಲಿನ ರೇಷ್ಮೆ ಹುಳುಗಳು ಮೇಯುತ್ತಲೇ ಹೋದವು, ಗೂಡು ಕಟ್ಟಲಿಲ್ಲ. ಹೊರದೇಶದ ಪುಸ್ತಕದಲ್ಲಿ ಸೌಮ್ಯವಾದದ್ದು ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಯಲ್ಲಿ ಸೌಮ್ಯವಲ್ಲ.

ಗಿಡಮೂಲಿಕೆಯಾದರೆ ನಿರಪಾಯ ಎಂಬ ನಂಬಿಕೆಯನ್ನೂ ಇಲ್ಲಿಯೇ ಬಿಡಬೇಕು. ಬೇವಿನ ಅಜಾಡಿರಾಕ್ಟಿನ್ ಚಿಗಟದ ಬೆಳವಣಿಗೆಯನ್ನು ತಡೆಯುತ್ತದೆ, ರೇಷ್ಮೆ ಹುಳುವಿನ ಜ್ವರವನ್ನೂ ಕೆಡಿಸುತ್ತದೆ. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಹುಳುವಿಗೆ ಎಂಥ ವಿಷವೆಂದು ಸಾಕುವವರಿಗೆ ಗೊತ್ತು. ಹುಳುಮನೆ ಇಲ್ಲದ ಕಡೆ ಬೇವಿನ ಎಣ್ಣೆಯನ್ನು ತೆಳುವಾಗಿ ಬಳಸಬಹುದು. ಬೆಕ್ಕಿರುವ ಮನೆಯಲ್ಲಿ ಕರ್ಪೂರ, ನುಸಿಗುಳಿಗೆ, ಘಾಟಿನ ಸುಗಂಧ ತೈಲಗಳು ಬೇಡವೇ ಬೇಡ. ಇವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುವುದೂ ಅದೇ ಕಾರಣಕ್ಕೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಬಿಡುತ್ತದೆಂದು ಹೇಳುವವರ ಮಾತು ಕೇಳಿ ನಾಯಿಗೆ ಅದನ್ನು ಕೊಟ್ಟರೆ ಅದರ ಕೆಂಪು ರಕ್ತಕಣಗಳು ಒಡೆಯುತ್ತವೆ. ಹುಳುಮನೆಯವರಿಗೆ ಕೈಪರಿಚಯವಿರುವ ಒಣ ಸುಣ್ಣದ ಪುಡಿ ಇದೆಲ್ಲಕ್ಕಿಂತ ವಾಸಿ. ಜ್ವರದ ಹೊತ್ತಿಗೆ ಹಾಸಿಗೆಯ ತೇವ ಹೀರಲು ಅದನ್ನು ಉದುರಿಸುತ್ತಾರಲ್ಲ, ಗುಡಿಸಿದ ಬಿರುಕಿಗೂ ಅದೇ ಕೆಲಸಕ್ಕೆ ಉದುರಿಸಬಹುದು. ಮೈಗೆ, ಕಣ್ಣಿಗೆ ಸುಣ್ಣ ಸುಡುವುದರಿಂದ ನಾಯಿ ಮಲಗುವ ಜಾಗದ ಮೇಲೆ ಮಾತ್ರ ಹಾಕಬಾರದು.

ಇನ್ನು ಇಲಿ. ಚಿಗಟದ ಕಾಟ ಕಂಡಾಗ ಇಲಿಪಾಷಾಣ ತರುವ ಮನೆಗಳಿವೆ. ಅಲ್ಲಿ ಕ್ರಮ ತಪ್ಪಿದರೆ ಕೆಡುಕೇ ಹೆಚ್ಚು. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಅದರ ಚಿಗಟಗಳು ಇಳಿದು ಬೇರೆ ಬಿಸಿಮೈ ಹುಡುಕುತ್ತವೆ. ಪ್ಲೇಗು ಮನುಷ್ಯನಿಗೆ ದಾಟಿದ್ದು ಈ ದಾರಿಯಲ್ಲಿ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಹಳೆಯ ಮೈಸೂರು ಸೀಮೆಯ ಹಿರಿಯರು ಕಣ್ಣಾರೆ ಕಂಡ ಬದುಕು. ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂ 1898ರ ಜೂನ್‌ನಲ್ಲಿ ಕರಾಚಿಯ ಒಂದು ಹೋಟೆಲ್ ಕೋಣೆಯಲ್ಲಿ ದೊಡ್ಡ ಗಾಜಿನ ಜಾಡಿಯೊಳಗೆ ಪ್ಲೇಗು ತಗುಲಿದ ಇಲಿಯನ್ನು ಚಿಗಟಗಳ ಸಮೇತ ಇಟ್ಟರು. ಅದು ಸಾಯುವ ಹೊತ್ತಿಗೆ ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ತಂತಿಪಂಜರದಲ್ಲಿ ಒಳಗಿಳಿಸಿದರು. ಎರಡೂ ಮೈ ತಾಗುವಂತಿರಲಿಲ್ಲ, ಚಿಗಟ ಮಾತ್ರ ಹಾರಬಹುದಿತ್ತು. ಎರಡನೆಯ ಇಲಿಯೂ ಪ್ಲೇಗಿನಿಂದ ಸತ್ತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಸಿಮೊಂ ಮಾತನ್ನು ನಂಬಿದವರು ವಿರಳ. ಮುಂದಿನ ದಶಕದಲ್ಲಿ ಬೊಂಬಾಯಿಯ ಪರೇಲ್‌ನಲ್ಲಿ ಪ್ಲೇಗ್ ಆಯೋಗ ನಡೆಸಿದ ಪ್ರಯೋಗಗಳ ನಂತರವೇ ಅದು ಸರ್ವಸಮ್ಮತವಾಯಿತು. ರೋಗಾಣು ಇಲಿ ಚಿಗಟದ ಗಂಟಲ ಹಿಂದಿನ ಜಠರದ ಬಾಯಲ್ಲಿ ಬೆಳೆದು ಅದನ್ನು ಕಟ್ಟಿಬಿಡುತ್ತದೆ, ಹೊಟ್ಟೆಗೆ ರಕ್ತ ಇಳಿಯದೆ ಹಸಿದ ಚಿಗಟ ಮತ್ತೆ ಮತ್ತೆ ಕಚ್ಚಿ ರೋಗಾಣುವನ್ನು ಗಾಯಕ್ಕೆ ಕಕ್ಕುತ್ತದೆ ಎಂದು ಬೇಕಟ್ ಮತ್ತು ಮಾರ್ಟಿನ್ 1914ರಲ್ಲಿ ತೋರಿಸಿದರು.

ಇದು ಕೋಲಾರಕ್ಕೆ ದೂರದ ಕತೆಯಲ್ಲ. ಭಾರತದಲ್ಲಿ ಪ್ಲೇಗು ನೆಲೆನಿಂತಿದ್ದ ಕೆಲವೇ ತಾಣಗಳ ಪಟ್ಟಿಯಲ್ಲಿ ಕೋಲಾರದ ಹೆಸರಿದೆ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಈ ಗಡಿಯಲ್ಲಿ ಹೊಲದ ಜೆರ್ಬಿಲ್ ಇಲಿಗಳ ಬಿಲಗಳಲ್ಲಿ ರೋಗಾಣು ಸುಳಿದಾಡುತ್ತಿತ್ತು. 1966ರಲ್ಲಿ ಮುಳಬಾಗಿಲು ತಾಲ್ಲೂಕಿನಲ್ಲಿ ಕಂಡ ಪ್ಲೇಗಿನ ನಂತರ 1994ರ ತನಕ ದೇಶದಲ್ಲಿ ಮನುಷ್ಯರಿಗೆ ತಗುಲಿದ ಪ್ರಕರಣ ದಾಖಲಾಗಿಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಬೆಂಗಳೂರು ಘಟಕ ಈ ಗಡಿಪ್ರದೇಶದಲ್ಲಿ ಇಲಿ ಹಿಡಿದು, ಮೈ ಬಾಚಿ, ಚಿಗಟ ಎಣಿಸುವ ಕೆಲಸ ಮಾಡುತ್ತ ಬಂದಿದೆ. ಇಲಿಯೊಂದಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಇಲಿ ಚಿಗಟ ಸಿಕ್ಕರೆ ಎಚ್ಚರಿಕೆ ಎಂದು ಲೆಕ್ಕ. ನಾಯಿ ಬೆಕ್ಕಿನ ಚಿಗಟ ಪ್ಲೇಗು ಹರಡುವುದರಲ್ಲಿ ದುರ್ಬಲ, ಅದನ್ನು ಕಂಡು ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಮನೆಯಲ್ಲಿ ಇಲಿಯೂ ಚಿಗಟವೂ ಒಟ್ಟಿಗಿದ್ದರೆ ಮೊದಲು ನೆಲದ ಚಿಗಟ, ಆಮೇಲೆ ಇಲಿ. ಕಾರಣ ತಿಳಿಯದೆ ಇಲಿಗಳು ಸಾಲಾಗಿ ಬಿದ್ದಿದ್ದರೆ ಕೈಯಲ್ಲಿ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಡಿಡಿಟಿಯ ನಂಬಿಕೆಯೂ ಈಗ ನಡೆಯದು. ಭಾರತದ ಇಲಿ ಚಿಗಟ ಅದನ್ನು ತಾಳಿಕೊಳ್ಳುವುದನ್ನು ದಶಕಗಳ ಹಿಂದೆಯೇ ಕಲಿತಿದೆ.

ಈ ವಿಧಾನಗಳಿಗೆ ಹೊತ್ತು ಹಿಡಿಯುತ್ತದೆ. ಎರಡನೇ ವಾರದಲ್ಲಿ ಚಿಗಟ ಹೆಚ್ಚಾದಂತೆಯೂ ಕಂಡೀತು, ಏಕೆಂದರೆ ಹಳೆಯ ಗೂಡುಗಳು ಒಂದೊಂದಾಗಿ ಒಡೆಯುತ್ತಿರುತ್ತವೆ. ಗೂಡಿಗೆ ಯಾವ ಪುಡಿಯೂ, ಹೆಚ್ಚಿನ ಔಷಧಿಯೂ ಇಳಿಯುವುದಿಲ್ಲ. ಹೊಸ ಮೊಟ್ಟೆ ಬೀಳದಂತೆ, ಬಿದ್ದದ್ದು ಬೆಳೆಯದಂತೆ ನೋಡಿಕೊಂಡು ಎರಡು ಮೂರು ತಿಂಗಳು ಬಿಡದೆ ಗುಡಿಸಿದರೆ ದಾಸ್ತಾನು ಮುಗಿಯುತ್ತದೆ. ಶುರು ಮಾಡಲು ಫೆಬ್ರವರಿ ಒಳ್ಳೆಯದು, ಮುಂದೆ ಒಣ ತಿಂಗಳುಗಳು ಜೊತೆಗಿರುತ್ತವೆ.

ಕಾಯಬಾರದ ಸಂದರ್ಭ ಒಂದಿದೆ. ಚಿಗಟ ತುಂಬಿದ ದೊಡ್ಡಿಯಲ್ಲಿ ಎಳೆಯ ಮೇಕೆಮರಿ, ಕುರಿಮರಿ, ನಾಯಿಮರಿಗಳು ರಕ್ತ ಬತ್ತಿ ಸಾಯುತ್ತವೆ. ಮರಿಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡಬೇಕು. ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ, ವಸಡೂ ಬಿಳಿಯಾಗಿದ್ದರೆ ಪೊರಕೆ, ಬಿಸಿಲು, ಸುಣ್ಣಗಳಿಗೆ ಆ ಮರಿಯನ್ನು ಉಳಿಸುವಷ್ಟು ಸಮಯವಿಲ್ಲ. ಅಂದೇ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗಿ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲಿ ಕೊಡಬೇಕು. ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ಹೇಳಬೇಕು. ಮೈಗೆ ಹಚ್ಚುವ ಔಷಧಿಯ ಬದಲು ಬೇರೆಯದು ಇದೆಯೇ ಎಂದು ಅವರು ನೋಡುತ್ತಾರೆ. ಔಷಧಿ ಮುಟ್ಟಿದವರು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಹುಳುಮನೆಗೆ ಹೋಗಬೇಕು.